ಇಟ್ಟಿಗೆ ಗೂಡಿನ ಸಮೀಕ್ಷೆ

ಬೇಸಿಗೆಯ ಉಚಿತ ಹುಲ್ಲು ಯಾವ ಬಡಾವಣೆಗೆ ಸಲ್ಲಬೇಕೆಂದು ತೀರ್ಮಾನಿಸಲು ಕೊಕ್ಕರೆರಾಯರು ಸಮೀಕ್ಷೆಯ ಹಾಳೆ ಹಿಡಿದು ಇಟ್ಟಿಗೆ ಗೂಡಿಗೆ ಬಂದರು. ಬೂದಪ್ಪನೆಂಬ ಮುದಿ ಕತ್ತೆ ಆಗತಾನೆ ಹೊರೆ ಇಳಿಸಿ ನಿಂತಿತ್ತು. ಹುಲ್ಲು ಕಂಡು ಅದಕ್ಕೆ ಎರಡು ತಿಂಗಳಾಗಿತ್ತು. ಪಕ್ಕೆಲುಬು ಎಣಿಸಬಹುದಿತ್ತು, ಆದರೆ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

“ವಾಸ ಎಲ್ಲಿ?”

“ಗೂಡಿನ ಗೋಡೆ ಪಕ್ಕ ಬಿದ್ಕೊಂಡಿರ್ತೀನಿ, ರಾಯರೇ.”

“ಇಟ್ಟಿಗೆ ಗೋಡೆ,” ಎಂದು ರಾಯರು ಬರೆದುಕೊಂಡರು. “ಆಹಾರ?”

“ಛತ್ರದೋರು ಬಿಸಾಕಿದ ಬಾಳೆಎಲೆ.”

“ಮದುವೆ ಊಟ. ಸರಕು ಸಾಗಣೆಗೆ ವಾಹನ ಇದೆಯೇ?”

“ಇಲ್ಲಿ ಸರಕು ಹೊರೋನು ನಾನೇ.”

“ಹಾಗಾದರೆ ಇದೆ.”

“ಅಯ್ಯೋ, ಒಂದ್ಸಲ ನನ್ನ ಕಡೆ ನೋಡಿ ಬರೀರಿ ಸ್ವಾಮಿ!”

“ನೋಡಿದ್ದನ್ನು ಬರೆಯುವಂತಿಲ್ಲಪ್ಪ. ನೋಡಿದರೆ ಪಕ್ಷಪಾತವಾಗುತ್ತದೆ.”

ವಾರದೊಳಗೆ ವರದಿ ಬಂತು. ಇಟ್ಟಿಗೆ ಗೂಡು ಅನುಕೂಲಸ್ಥರ ಪ್ರದೇಶ, ಪಕ್ಕದ ಕುದುರೆ ಲಾಯ ಹಿಂದುಳಿದ ಪ್ರದೇಶ ಎಂದು ಅದರಲ್ಲಿತ್ತು. ತಮಗೆ ವಾಹನವಿಲ್ಲ, ಇರುವುದು ಪರರ ಮನೆಯಲ್ಲಿ, ಮಾಡಲು ಕೆಲಸವೂ ಇಲ್ಲ ಎಂದು ಕುದುರೆಗಳು ನಿಜವನ್ನೇ ಹೇಳಿದ್ದವು. ಹುಲ್ಲು ಲಾಯಕ್ಕೆ ಮಂಜೂರಾಯಿತು. ಅದನ್ನು ತಲುಪಿಸಲು, ವರದಿಯ ಪ್ರಕಾರ ಸಾಗಣೆ ಸೌಲಭ್ಯವಿದ್ದ ಏಕೈಕ ಪ್ರದೇಶದಿಂದ ಬೂದಪ್ಪನನ್ನು ಕರೆಸಿದರು.

ದಾರಿಯಲ್ಲಿ ತಿನ್ನದಿರಲೆಂದು ಅದರ ಬಾಯಿಗೆ ಕುಕ್ಕೆ ಕಟ್ಟಿ, ಬೆನ್ನಿಗೆ ಹುಲ್ಲು ಹೇರಿದರು. ಕುಕ್ಕೆಯೊಳಗಿಂದಲೇ ಬೂದಪ್ಪ ಕೇಳಿತು: “ರಾಯರೇ, ಇದನ್ನೂ ಬರ್ಕೊಂಡ್ರಾ?”

“ಬರೆದಾಯಿತು,” ಎಂದರು ರಾಯರು. “ಇಟ್ಟಿಗೆ ಗೂಡಿನಲ್ಲಿ ಹೊಸ ಉದ್ಯೋಗ, ಒಂದು.”