ನಲವತ್ತು ಪದ್ಯದ ಹಸು

ತುಂಗಭದ್ರೆಯ ದಡದ ಒಂದು ಆಶ್ರಮದಲ್ಲಿ ಪಂಪಾಪತಯ್ಯನವರು ಕಾವ್ಯ ಕಲಿಸುತ್ತಿದ್ದರು. ಅವರಿಗೆ ಗವಿಸಿದ್ದ ಎಂಬ ಶಿಷ್ಯನಿದ್ದ.

ಐದು ವರ್ಷದಲ್ಲಿ ಗವಿಸಿದ್ದ ಅಲಂಕಾರಶಾಸ್ತ್ರವನ್ನು ಅರೆದು ಕುಡಿದಿದ್ದ. ಉಪಮೆ, ರೂಪಕ, ಉತ್ಪ್ರೇಕ್ಷೆ, ಯಾವುದರ ಲಕ್ಷಣ ಬೇಕಾದರೂ ಕೇಳಿ, ನಿದ್ದೆಗಣ್ಣಲ್ಲೇ ಹೇಳಿ ಮಗ್ಗುಲು ಬದಲಿಸುತ್ತಿದ್ದ. ಇನ್ನು ಕಲಿಯುವುದು ಏನೂ ಉಳಿದಿಲ್ಲವೆಂದು ಅವನಿಗೆ ಒಳಗೊಳಗೇ ಅನಿಸತೊಡಗಿತ್ತು.

ಒಂದು ದಿನ ಗುರುಗಳು ಹೇಳಿದರು: "ನಮ್ಮ ದುರಗವ್ವನ ಹಸುವಿನ ಮೇಲೆ ಏನಾದರೂ ಬರೆ."

ದುರಗವ್ವ ಬೇಲಿಯಾಚೆಯ ಮುದುಕಿ. ಆಕೆಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಇದ್ದದ್ದು ಒಂದು ಗುಡಿಸಲು, ಸುಬ್ಬಿ ಎಂಬ ಒಂದು ಹಸು. ಆಶ್ರಮಕ್ಕೆ ಹಾಲು ಬರುತ್ತಿದ್ದದ್ದು ಆ ಸುಬ್ಬಿಯಿಂದಲೇ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಸಾಲು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಗವಿಸಿದ್ದ ನಲವತ್ತು ಪದ್ಯಕ್ಕೆ ಕೈ ಹಾಕಿದ.

ಮೂವತ್ತೊಂಬತ್ತು ಮುಗಿದ ಮರುದಿನ ಬೆಳಿಗ್ಗೆ ದುರಗವ್ವ ಬೇಲಿಯ ಬಳಿ ಬಂದು ಕೂಗಿದಳು.

"ಅಯ್ಯಾ, ನನ್ನ ಮೊಣಕಾಲು ಬಾತೈತಿ. ಸುಬ್ಬಿನ್ನ ಹೊಳಿಗೆ ಕರಕೊಂಡು ಹೋಗಿ ನೀರು ಕುಡಿಸಿಕೊಂಡು ಬರ್ತೀರೇನು? ತುಂಬಿದ ಗಬ್ಬ ಆಕಿ. ಇವತ್ತೋ ನಾಳೆಯೋ ಅನ್ನಂಗ ಅದಾಳ. ಜ್ವಾಕಿ."

"ಅದೆಷ್ಟು ಹೊತ್ತಿನ ಕೆಲಸ ಅವ್ವಾ!"

ಗವಿಸಿದ್ದ ಹಗ್ಗ ಹಿಡಿದು ಮುಂದೆ ಮುಂದೆ ನಡೆದ. ಸುಬ್ಬಿ ಹಿಂದೆ ಹಿಂದೆ ಬಂದಳು. ಅವನ ತಲೆಯಲ್ಲಿ ನಲವತ್ತನೆಯ ಪದ್ಯ ಗುಂಯ್‌ಗುಡುತ್ತಿತ್ತು.

ಹೊಳೆಯ ದಡ ಮುಟ್ಟುವಷ್ಟರಲ್ಲಿ ಪದ್ಯ ಪೂರ್ತಿ ಹೊಳೆಯಿತು. ಬರೆದಿಡದಿದ್ದರೆ ಹಾರಿಹೋಗುತ್ತದೆ. ಓಲೆ ಹಿಡಿಯಲು ಒಂದು ಕೈ ಬೇಕು, ಬರೆಯುವ ಕಂಟ ಹಿಡಿಯಲು ಇನ್ನೊಂದು. ಹಗ್ಗಕ್ಕೆ ಮೂರನೆಯ ಕೈ ಇರಲಿಲ್ಲ.

ಬಂಡೆಯ ಮೇಲೆ ಕೂತು ಬರೆದ. 'ಬಿರುಗಾಳಿ ಬೀಸಿದರೂ ಬೆಟ್ಟದಂತೆ ನಿಂತಲ್ಲೇ ನಿಲ್ಲುವಳು ಈ ಧೇನು.' ತನ್ನ ಸಾಲಿಗೆ ತಾನೇ ತಲೆದೂಗಿ ಕಣ್ಣೆತ್ತಿದ.

ಬೆಟ್ಟ ಅಲ್ಲಿರಲಿಲ್ಲ. ಮರಳಿನ ಮೇಲೆ ಅವಳ ಕೊರಳಿನಿಂದ ಜಾರಿಬಿದ್ದ ಹಗ್ಗ ಮಾತ್ರ ಇತ್ತು.

ಹಗ್ಗ ಎತ್ತಿಕೊಂಡ. ಗೊರಸಿನ ಗುರುತು ಹಿಡಿದು ಓಡಿದ. ಗುರುತು ದಡ ಹತ್ತಿ ಬಂಡಿದಾರಿಗೆ ಸೇರಿತ್ತು. ಅಲ್ಲಿ ನೂರಾರು ಗೊರಸಿನ ಗುರುತುಗಳಿದ್ದವು. ಆಗಷ್ಟೇ ಒಂದು ದೊಡ್ಡ ದನದ ಮಂದೆ ಆ ದಾರಿಯಲ್ಲಿ ಹಾದುಹೋಗಿತ್ತು.

ಒಂದು ಹರದಾರಿ ಓಡಿದ ಮೇಲೆ ಮಂದೆ ಸಿಕ್ಕಿತು. ದನಗಳು ಬೇವಿನ ತೋಪಿನಲ್ಲಿ ದಣಿವಾರಿಸಿಕೊಳ್ಳುತ್ತಿದ್ದವು. ಅವುಗಳ ಮುಂದೆ ಮೇವು ಹರಡಿತ್ತು. ಮಂದೆಯ ಯಜಮಾನ ಓಬಳಪ್ಪ, ದಪ್ಪ ಮೀಸೆಯ ಆಳು, ಮರಕ್ಕೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ.

"ಯಜಮಾನ್ರೇ, ನಮ್ಮ ಹಸು ನಿಮ್ಮ ಮಂದೆಯಲ್ಲಿ ಸೇರಿಕೊಂಡಿದೆ" ಎಂದ ಗವಿಸಿದ್ದ, ಏದುಸಿರು ಬಿಡುತ್ತ.

"ಸೇರಿದ್ರೂ ಸೇರಿರಬಹುದು. ದಾರಿ ಮ್ಯಾಲ ಒಂದೆರಡು ಹಿಂಗ ಬರ್ತಾವ. ಗುರುತು ಹೇಳ್ರಿ, ಹೊಡಕೊಂಡು ಹೋಗ್ರಿ. ಲಗೂನ ಹೇಳ್ರಿ ಮತ್ತ. ಹೊತ್ತು ಇಳಿಯೋದ್ರೊಳಗ ನಾವು ಹೊಳಿ ದಾಟತೀವಿ."

ಗವಿಸಿದ್ದ ಮಂದೆಯ ಕಡೆ ನೋಡಿದ. ಇನ್ನೂರು ಹಸುಗಳು ಮೆಲುಕು ಹಾಕುತ್ತ ಅವನನ್ನೇ ನೋಡಿದವು.

ಯಾವುದು ಸುಬ್ಬಿ ಎಂದು ಅವನಿಗೆ ಗೊತ್ತಾಗಲಿಲ್ಲ.

ಐದು ವರ್ಷ ಅವಳ ಹಾಲು ಕುಡಿದವನು. ಅವಳ ಮೇಲೆ ನಲವತ್ತು ಪದ್ಯ ಬರೆದವನು. ಬರೆಯುವಾಗಲೆಲ್ಲ ಪುಣ್ಯಾತ್ಮನ ಕಣ್ಣು ಓಲೆಯ ಮೇಲಿತ್ತೇ ಹೊರತು ಹಸುವಿನ ಮೇಲೆ ಇರಲಿಲ್ಲ.

"ಸುಬ್ಬೀ!" ಎಂದು ಕೂಗಿ ನೋಡಿದ. ನಾಲ್ಕೈದು ಹಸುಗಳು ತಲೆಯೆತ್ತಿ, ಆಸಾಮಿ ಗುರುತಿನವನಲ್ಲವೆಂದು ಮತ್ತೆ ಮೇವಿಗೆ ಬಾಯಿ ಹಾಕಿದವು.

ಸರಿ, ಪದ್ಯವಾದರೂ ಕೈ ಹಿಡಿಯಲಿ ಎಂದು ಗವಿಸಿದ್ದ ಗಂಟಲು ಸರಿಮಾಡಿಕೊಂಡ.

"ಕಮಲದ ಎಸಳಿನಂಥ ಕಣ್ಣು. ಎಳೆಯ ಚಂದ್ರನಂಥ ಕೋಡು. ಮದಗಜದ ನಡೆ. ಅವಳ ಬಾಲವೋ, ದೇವೇಂದ್ರನಿಗೆ ಬೀಸುವ ಚಾಮರವೇ ಸರಿ!"

ಓಬಳಪ್ಪ ಬಾಯಿಗೆ ಹಾಕಬೇಕಾಗಿದ್ದ ಎಲೆಯನ್ನು ಕೈಯಲ್ಲೇ ಹಿಡಿದು ಅವನ ಮುಖ ನೋಡಿದ. ಆಮೇಲೆ ತನ್ನವರನ್ನು ಕರೆದ: "ಬರ್ರೋ, ಬರ್ರೋ! ಸ್ವಾಮಿಗಳು ಎಷ್ಟು ಚೆಂದ ಹೇಳಾಕತ್ಯಾರ, ಕೇಳ್ರಿ!"

ನಾಲ್ಕು ಜನ ಬಂದು ಅವನ ಸುತ್ತ ಕೂತರು. ಗವಿಸಿದ್ದನಿಗೆ ಹುರುಪು ಬಂತು. ಬೇಕಾಗಿರದಿದ್ದರೂ ಎರಡು ಪದ್ಯ ಹೆಚ್ಚಿಗೆ ಹೇಳಿದ.

"ಆಹಾ! ಏನು ಓದು, ಏನು ನಾಲಿಗಿ!" ಎಂದ ಓಬಳಪ್ಪ. "ನಮ್ಮ ಕಡೆ ನಿಮ್ಮಂಥವ್ರು ಇಲ್ಲ ಬಿಡ್ರಿ."

"ಹಾಗಾದರೆ ನನ್ನ ಹಸು?"

"ನೀವು ಹೇಳಿದಂಥ ಹಸು ಇಲ್ಲಿ ಇನ್ನೂರು ಅದಾವ. ಯಾವುದನ್ನ ಕೊಡ್ಲಿ?"

ಗವಿಸಿದ್ದ ಮತ್ತೊಮ್ಮೆ ಮಂದೆಯ ಕಡೆ ನೋಡಿದ.

"ಹೋಗ್ಲಿ, ಬಣ್ಣ ಯಾವುದು ಹೇಳ್ರಿ."

"ಶರತ್ಕಾಲದ ಬೆಳದಿಂಗಳು."

"ಅಂದ್ರ ಬಿಳಿ?"

"ಬಿಳಿ... ಇರಬೇಕು."

"ಇರಬೇಕು?" ಓಬಳಪ್ಪನ ಹುಬ್ಬು ಮುಂಡಾಸಿನ ತನಕ ಏರಿತು.

"ಗಬ್ಬದ ಹಸು!" ಎಂದ ಗವಿಸಿದ್ದ, ಮುಳುಗುವವನಿಗೆ ಹಗ್ಗ ಸಿಕ್ಕಂತೆ.

"ಗಬ್ಬದವು ಹನ್ನೊಂದು ಅದಾವ. ಸಿಟ್ಟಾಗಬ್ಯಾಡ್ರಿ ಸ್ವಾಮಿ. ಗುರುತು ಇಲ್ದ ಕೊಟ್ರ, ನಾಳೆ ಆ ಹಸುವಿನ ಧಣಿ ಬಂದು ನನ್ನ ಕುತ್ತಿಗಿ ಹಿಡೀತಾನ. ಹೋಗಿ ಗೊತ್ತಿದ್ದವ್ರನ್ನ ಕೇಳಿಕೊಂಡು ಬರ್ರಿ."

ಗವಿಸಿದ್ದ ಬಂದ ದಾರಿಯಲ್ಲೇ ಓಡಿದ. ದಾರಿಯುದ್ದಕ್ಕೂ ದುರಗವ್ವನ ಮುಖ ಕಣ್ಣಿಗೆ ಕಟ್ಟಿ ಅವನಿಗೆ ಅಳುವೇ ಬಂತು. ಇವತ್ತೋ ನಾಳೆಯೋ ಅನ್ನುವ ಹಸು ಹೊಳೆಯ ಸೆಳವಿಗೆ ಇಳಿದರೆ ಏನು ಗತಿ? ಆಚೆ ದಡ ಸೇರಿದರೂ, ಬಾತ ಮೊಣಕಾಲಿನ ಮುದುಕಿ ಅವಳನ್ನು ಎಲ್ಲಿ ಹುಡುಕಿಯಾಳು?

ಪಂಪಾಪತಯ್ಯನವರು ಜಗಲಿಯ ಮೇಲೆ ಮುತ್ತುಗದ ಎಲೆಗಳಿಂದ ಪತ್ರಾವಳಿ ಹಚ್ಚುತ್ತಿದ್ದರು. ಶಿಷ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ.

"ನೀವು ಬನ್ನಿ ಗುರುಗಳೇ. ನೀವಾದರೆ ಗುರುತು ಹಿಡಿಯುತ್ತೀರಿ."

ಗುರುಗಳು ಎಲೆಗೆ ಕಡ್ಡಿ ಚುಚ್ಚುತ್ತ ಹೇಳಿದರು: "ದುರಗವ್ವನ ಹತ್ತಿರ ಹೋಗು. ನಿನ್ನ ಪದ್ಯ ಓದಿ ಹೇಳು."

"ಈಗಲೇ? ಹೊತ್ತು ಮೀರುತ್ತಿದೆ ಗುರುಗಳೇ!"

"ಒಂದೇ ಸಾಕು. ನಿನಗೆ ಎಲ್ಲಕ್ಕಿಂತ ಹಿಡಿಸಿದ್ದು."

ಗುರುವಿನ ಮಾತು ಮೀರುವಂತಿಲ್ಲ. ದುರಗವ್ವ ಹೊಸ್ತಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಗವಿಸಿದ್ದ ಬೆಳದಿಂಗಳ ಪದ್ಯ ಓದಿದ. ಮುದುಕಿ ಕೈಯನ್ನು ಎಣ್ಣೆಯ ಬಟ್ಟಲಲ್ಲೇ ಬಿಟ್ಟು ಕೇಳಿದಳು.

"ಭಾಳ ಚೆಂದ ಐತಿ ಅಯ್ಯಾ" ಎಂದಳು. "ಯಾರ ಹಸು ಇದು?"

ಗವಿಸಿದ್ದ ಓಲೆ ಕೆಳಗಿಟ್ಟು ಆಕೆಯ ಕಾಲು ಹಿಡಿದ. ನಡೆದದ್ದನ್ನೆಲ್ಲ ಹೇಳಿದ.

ದುರಗವ್ವನ ಮುಖ ಬಿಳಿಚಿಕೊಂಡಿತು.

"ನಿಮ್ಮ ಕೈಯಾಗ ಹಗ್ಗ ಕೊಟ್ಟಿದ್ದೆನಲ್ಲ ಅಯ್ಯಾ" ಎಂದಳು.

ಅವನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ತಪ್ಪಾಯಿತು ಅವ್ವಾ. ಬೈಯುವುದನ್ನು ಆಮೇಲೆ ಬೈ. ಈಗ ಸುಬ್ಬಿ ಹೇಗಿದ್ದಾಳೆ ಹೇಳು. ಅವಳ ಬಿಳಿ ಬಣ್ಣ..."

"ಬಿಳಿ?" ಅಷ್ಟು ಸಂಕಟದಲ್ಲೂ ಮುದುಕಿಗೆ ನಗು ಬಂತು. "ಹಾಲು ಬಿಳಿ ನನ್ನಪ್ಪಾ! ಸುಬ್ಬಿ ಕಂದು. ಎಡಗೋಡು ಒಳಗ ತಿರುಗೈತಿ. ನಿಂತಾಗ ಹಿಂದಿನ ಬಲಗಾಲು ಒಂಚೂರು ಎತ್ತಿಕೊಂಡ ನಿಲ್ತಾಳ. ಒಗದು ಹಾಕಿದ ಬಟ್ಟಿ ಕಂಡ್ರಂತೂ ಬಿಡಾಕಿ ಅಲ್ಲ, ನನ್ನ ಎರಡು ಕುಪ್ಪಸ ತಿಂದಾಳ. ಇನ್ನ ಮೇವಿಗೆ ನಿಂತ್ಲು ಅಂದ್ರ, ಮದಿವಿ ಪಂಕ್ತಿಯಾಗ ಕೂತ ಬೀಗತಿ ನೋಡು. ತನ್ನ ಎಲಿ ತುಂಬಿದ್ರೂ ಪಕ್ಕದ ಎಲಿಗೇನು ಬಡಿಸಿದ್ರು ಅಂತ ಅಲ್ಲೇ ಕಣ್ಣು!"

ಕೇಳುತ್ತ ಕೇಳುತ್ತ ಗವಿಸಿದ್ದನಿಗೆ ಒಂದು ಹಸು ಕಾಣತೊಡಗಿತು. ಇಂಥದ್ದು ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಎದ್ದವನೇ ಮಂದೆಯ ಕಡೆ ಓಡಿದ.

ಅವನು ಮುಟ್ಟುವಷ್ಟರಲ್ಲಿ ಮಂದೆ ತೋಪು ಬಿಟ್ಟು ಹೊಳೆಯ ದಡಕ್ಕೆ ಬಂದಿತ್ತು. ಮುಂದಿನ ಹಸುಗಳು ಆಗಲೇ ಮೊಣಕಾಲುದ್ದ ನೀರಿಗೆ ಇಳಿದಿದ್ದವು. ಹಿಂದಿನವು ದಡದ ಮೇಲೆ ಹಾಕಿದ್ದ ಮೇವನ್ನು ಮುಗಿಸುತ್ತಿದ್ದವು.

"ಓಬಳಪ್ಪನವರೇ! ನಿಲ್ಲಿಸಿ! ಕಂದು ಬಣ್ಣ, ಎಡಗೋಡು ಒಳಕ್ಕೆ ತಿರುಗಿದೆ! ಒಣಹಾಕಿದ ಬಟ್ಟೆ ತಿನ್ನುತ್ತಾಳೆ!"

"ನನ್ನ ಪಂಚೆ!" ಎಂದು ಹಿಂದಿನಿಂದ ಒಬ್ಬ ದನಗಾರ ಚೀರಿದ. "ನನ್ನ ಪಂಚೆ ತಿಂದದ್ದು ಆ ಹಾಳ ಹಸುನೇ ಇರಬೇಕು!"

"ಮದುವೆಯ ಪಂಕ್ತಿಯಲ್ಲಿ ಕೂತ ಬೀಗತಿಯ ಹಾಗೆ, ತನ್ನ ಎಲೆ ತುಂಬಿದ್ದರೂ ಪಕ್ಕದ ಎಲೆಯ ಮೇಲೇ ಅವಳ ಕಣ್ಣು!"

ಓಬಳಪ್ಪ ಗಹಗಹಿಸಿ ನಕ್ಕ. ನಗುತ್ತಲೇ ಗರಕ್ಕನೆ ಹಿಂದಕ್ಕೆ ತಿರುಗಿದ. ಅವನು ತಿರುಗಿದ ಕಡೆ ಎಲ್ಲರೂ ತಿರುಗಿದರು.

ಅಲ್ಲಿ ಒಂದು ಕಂದು ಹಸು, ತನ್ನ ಮುಂದಿನ ಹುಲ್ಲನ್ನು ಹಾಗೇ ಬಿಟ್ಟು, ಪಕ್ಕದ ಹಸುವಿನ ಮೂತಿಯ ಕೆಳಗೆ ತನ್ನ ಮೂತಿ ತೂರಿಸಿತ್ತು. ಹಿಂದಿನ ಬಲಗಾಲು ಒಂಚೂರು ಮೇಲಿತ್ತು.

"ಕರಕೊಂಡು ಹೋಗ್ರಿ ಸ್ವಾಮಿ ನಿಮ್ಮ ಬೀಗತಿನ್ನ!" ಎಂದ ಓಬಳಪ್ಪ, ಕಣ್ಣು ಒರೆಸಿಕೊಳ್ಳುತ್ತ.

ಮನೆಗೆ ಬರುವಾಗ ಗವಿಸಿದ್ದ ಹಸುವನ್ನು ಮುಂದೆ ಬಿಟ್ಟುಕೊಂಡು ಹಿಂದೆ ನಡೆದ. ಹಗ್ಗದ ತುದಿಯನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಿದ್ದ. ದುರಗವ್ವ ಕುಂಟುತ್ತಲೇ ಎದುರು ಬಂದು ಸುಬ್ಬಿಯ ಕೊರಳು ತಬ್ಬಿದಳು. ಆಮೇಲೆ ಗವಿಸಿದ್ದನನ್ನು, ಅವನೇ ಹೇಳಿದ್ದಂತೆ, ಮನಸಾರೆ ಬೈದಳು. ಬೈದು ಮುಗಿದ ಮೇಲೆ ಒಂದು ತುಂಡು ಬೆಲ್ಲ ಕೊಟ್ಟಳು.

ಸಂಜೆ ಅವನು ಗುರುಗಳ ಪಕ್ಕ ಕೂತು ತಾನೂ ಎಲೆ ಹಚ್ಚತೊಡಗಿದ.

"ಗುರುಗಳೇ, ಒಂದು ತಿಳಿಯಲಿಲ್ಲ. ನಾನು ಹೇಳಿದ್ದೂ ಉಪಮೆ, ದುರಗವ್ವ ಹೇಳಿದ್ದೂ ಉಪಮೆ. ಆಕೆ ಶಾಸ್ತ್ರ ಓದಿದವಳಲ್ಲ. ಆಕೆಯ ಉಪಮೆ ಹಸುವನ್ನು ಮನೆಗೆ ತಂದಿತು. ನನ್ನದು ಯಾಕೆ ತರಲಿಲ್ಲ?"

"ನೀನು ನಿನ್ನ ಉಪಮೆ ಹೇಳಿದಾಗ ಓಬಳಪ್ಪ ಯಾವ ಕಡೆ ನೋಡಿದ?"

ಗವಿಸಿದ್ದ ನೆನಪು ಮಾಡಿಕೊಂಡ. "ನನ್ನ ಕಡೆ."

"ಆಕೆಯದನ್ನು ಹೇಳಿದಾಗ?"

"ಹಸುವಿನ ಕಡೆ."

ಗುರುಗಳು ಇನ್ನೊಂದು ಎಲೆ ತೆಗೆದುಕೊಂಡರು.

ಗವಿಸಿದ್ದನ ಕೈ ನಿಂತಿತು. ತನ್ನಷ್ಟಕ್ಕೆ ತಾನೇ ನಕ್ಕ. ಐದು ವರ್ಷದ ಓದು ಅವತ್ತು ಹೊಟ್ಟೆಗೆ ಇಳಿದಂತಾಗಿ ಅವನಿಗೆ ಹೇಳಲಾರದಷ್ಟು ಖುಷಿಯಾಯಿತು.

"ತಿಳಿಯಿತು ಗುರುಗಳೇ" ಎಂದ. "ಇನ್ನು ಜನ್ಮದಲ್ಲಿ ಮರೆಯುವುದಿಲ್ಲ."

ಅಷ್ಟರಲ್ಲಿ ಬೇಲಿಯಾಚೆಯಿಂದ ದುರಗವ್ವನ ಕೂಗು ಕೇಳಿತು.

"ಅಯ್ಯಾ! ಸುಬ್ಬಿ ಕರು ಹಾಕಿದ್ಲು! ತಾಯಿ ಮಗು ಆರಾಮ ಅದಾವ! ಓದಿದವ್ರು ನೀವು, ಒಂದು ಚೆಂದನ ಹೆಸರು ಹೇಳ್ರಿ!"

ಗವಿಸಿದ್ದ ಹಿಗ್ಗಿ ಹೀರೇಕಾಯಿಯಾದ. ಕೂತಲ್ಲಿಂದಲೇ, ಕೈಯಲ್ಲಿ ಹಿಡಿದ ಎಲೆಯನ್ನೂ ಕೆಳಗಿಡದೆ, ದನಿಯೆತ್ತಿ ಕೂಗಿದ:

"ನೀಲೋತ್ಪಲಲೋಚನೆ ಎಂದು ಇಡು ಅವ್ವಾ!"

ಪಂಪಾಪತಯ್ಯನವರು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಕಡ್ಡಿಯನ್ನು ತೆಗೆದು ಕೇಳಿದರು:

"ಹೆಣ್ಣುಗರು ಅಂತ ನಿನಗೆ ಯಾರು ಹೇಳಿದರಪ್ಪಾ?"