ಅವ್ವನ ಫೋಟೋಕ್ಕೆ ಒಳ್ಳೆಯ ಲೆನ್ಸು

“ಮಾಸ್ತರೇ, ಮೊದಲ ಕ್ಯಾಮೆರಾ ಯಾವುದು ಕೊಳ್ಳಲಿ? ಯಾವ ಲೆನ್ಸು ತೆಗೆದುಕೊಂಡರೆ ಆಮೇಲೆ ಪಶ್ಚಾತ್ತಾಪ ಪಡಬೇಕಾಗುವುದಿಲ್ಲ?”

ಕೇಳಿದವಳು ಕಸ್ತೂರಿ. ವಿರೂಪಾಕ್ಷ ಮಾಸ್ತರರ ಬಳಿ ಫೋಟೋಗ್ರಫಿ ಕಲಿಯಲು ಬರುತ್ತಿದ್ದವಳು. ಇದೇ ಪ್ರಶ್ನೆಯನ್ನು ಅವಳು ಮಳೆಗಾಲದಲ್ಲೂ ಕೇಳಿದ್ದಳು, ದೀಪಾವಳಿಗೂ ಕೇಳಿದ್ದಳು. ಅಂಗಡಿಗಳನ್ನು ಸುತ್ತಿ, ವಿಡಿಯೋಗಳನ್ನು ನೋಡಿ, ಯಾವ ಕ್ಯಾಮೆರಾದಲ್ಲಿ ಯಾವ ದೋಷವಿದೆ ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅಲ್ಲಿಯವರೆಗೆ ಕೈ ಪಳಗಲಿ ಎಂದು ಮಾಸ್ತರರು ಕೊಟ್ಟಿದ್ದ ಹಳೆಯ ಡಿಜಿಟಲ್ ಕ್ಯಾಮೆರಾ ಅವಳ ಚೀಲದಲ್ಲಿ ಬೆಚ್ಚಗೆ ಮಲಗಿತ್ತು.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಕುಳಿತುಕೋ ಎಂದು ಕೈಸನ್ನೆ ಮಾಡಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಒಣಮೆಣಸಿನಕಾಯಿ ವ್ಯಾಪಾರಿ ಇದ್ದ. ಮಾಲು ನೋಡುವುದರಲ್ಲಿ ಅವನನ್ನು ಯಾಮಾರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ರಾಶಿಯ ಮೇಲಿನ ಕಾಯಿಯನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಒಳಗೆ ಕೈ ಹಾಕಿ ಅಡಿಯ ಕಾಯಿ ತೆಗೆಯುತ್ತಿದ್ದ. ಮುರಿದು ನೋಡುತ್ತಿದ್ದ, ಮೂಸಿ ನೋಡುತ್ತಿದ್ದ, ಕಿವಿಯ ಹತ್ತಿರ ಹಿಡಿದು ಅಲುಗಿಸಿ ಬೀಜದ ಸದ್ದು ಕೇಳುತ್ತಿದ್ದ. ಮೊದಲು ಕಂಡ ರಾಶಿಗೆ ಎಂದೂ ಬೆಲೆ ಕಟ್ಟಿದವನಲ್ಲ. ಮಾರುಕಟ್ಟೆ ಪೂರ್ತಿ ಸುತ್ತಿ ಕೊನೆಗೆ ಎಲ್ಲರಿಗಿಂತ ಒಳ್ಳೆಯ ಮಾಲು ಹಿಡಿಯುತ್ತಿದ್ದ. ಮೆಣಸಿನಕಾಯಿಯ ಮಟ್ಟಿಗೆ ಅದು ಸರಿಯೇ. ಮೆಣಸಿನಕಾಯಿ ಸಂಜೆಯವರೆಗೂ ಕಾಯುತ್ತದೆ.

ಈ ವ್ಯಾಪಾರಿಯ ತಾಯಿಗೆ ಕಣ್ಣು ಮಂದವಾಗುತ್ತಾ ಬಂತು. ಡಾಕ್ಟರು ಪರೀಕ್ಷೆ ಮಾಡಿ, ಇದು ಪೊರೆಯಲ್ಲ, ಕಣ್ಣಿನ ನರವೇ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಸ್ವಲ್ಪ ಕಾಲ ಹಿಡಿದಿಡಬಹುದು ಎಂದರು. ಮನೆಗೆ ಬಂದ ಮೇಲೆ ತಾಯಿ ಮಗನನ್ನು ಹತ್ತಿರ ಕರೆದಳು.

“ನನ್ನದೊಂದು ಫೋಟೋ ತೆಗಸಪಾ,” ಎಂದಳು. “ಕುಂಕುಮ ಹಚ್ಕೊಳ್ಳೋವಷ್ಟು ಹೊತ್ತು ಬಿಟ್ರ ನಾ ಎಂದೂ ಕನ್ನಡಿ ಮುಂದ ನಿಂತಾಕಿ ಅಲ್ಲ. ಹಣಿ ಕಂಡೈತಿ, ಮಾರಿ ಕಂಡಿಲ್ಲ. ಕಣ್ಣು ಪೂರಾ ಹೋಗೋದರಾಗ, ಬಿಸಲಾಗ ಕುಂತು, ಸಮಾಧಾನದಿಂದ ನನ್ನ ಮಾರಿ ಒಮ್ಮೆ ನೋಡ್ಕೋಬೇಕು.”

ಆಕೆ ಕೇಳಿದ್ದು ಇಷ್ಟೇ.

ಮಗನಿಗೆ ತಾಯಿಯೆಂದರೆ ಪ್ರಾಣ. ಊರ ಸ್ಟುಡಿಯೋದವನನ್ನು ಕರೆಸಿದ್ದರೆ ಅವತ್ತೇ ಕೆಲಸ ಮುಗಿಯುತ್ತಿತ್ತು. ಆದರೆ ಅವ್ವನ ಫೋಟೋ ಬೇರೆ ಯಾರೋ ಯಾಕೆ ತೆಗೆಯಬೇಕು, ನಾನೇ ಕಲಿತು ತೆಗೆಯುತ್ತೇನೆ ಎಂದುಕೊಂಡ. ಹೆಂಡತಿ ಫೋನು ಹಿಡಿದುಕೊಂಡು ಬಂದು, ಸದ್ಯಕ್ಕೆ ಇದರಲ್ಲೊಂದು ತೆಗೆದಿಡಲೇ ಎಂದು ಕೇಳಿದಳು. ಫೋನಿನಲ್ಲಿ ತೆಗೆಯಲು ಅವ್ವನ ಮುಖವೇನು ಹೋಟೆಲಿನ ದೋಸೆಯೇ, ಅತ್ತ ಇಡು ಅದನ್ನು ಎಂದು ಗದರಿಸಿದ.

ಕ್ಯಾಮೆರಾ ಅಂಗಡಿಗೆ ಹೋದ. ಅಂಗಡಿಯವನು ಒಂದು ಸಾಧಾರಣ ಕ್ಯಾಮೆರಾ ಎದುರಿಗಿಟ್ಟು, ಹೊಸದಾಗಿ ಕಲಿಯುವವರಿಗೆ ಇದೇ ಸಾಕು, ಜೊತೆಗೆ ಬರುವ ಲೆನ್ಸಿನಲ್ಲಿ ಮನೆಯವರ ಫೋಟೋ ಚೆನ್ನಾಗಿಯೇ ಬರುತ್ತದೆ ಎಂದ. ವ್ಯಾಪಾರಿಗೆ ಅದು ರಾಶಿಯ ಮೇಲಿನ ಕಾಯಿಯ ಹಾಗೆ ಕಂಡಿತು. ಬಿಟ್ಟು ಬಂದ. ಬೇರೆ ಅಂಗಡಿಗಳನ್ನು ನೋಡಿದ. ರಾತ್ರಿ ವಿಡಿಯೋ ನೋಡಿದ, ಹಗಲು ಬಲ್ಲವರನ್ನು ಕೇಳಿದ. ಬಲ್ಲವರು ಹೇಗೆ ಎಂದು ನಿನಗೇ ಗೊತ್ತಲ್ಲ, ಒಬ್ಬ ಹೌದೆಂದರೆ ಇನ್ನೊಬ್ಬ ಅಲ್ಲ ಎನ್ನಬೇಕು. ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರಬೇಕು ಎಂದು ಒಬ್ಬ, ಲೆನ್ಸಿಗೆ ದುಡ್ಡು ಹಾಕು, ಕ್ಯಾಮೆರಾ ಯಾವುದಾದರೇನು ಎಂದು ಮತ್ತೊಬ್ಬ. ಬಹಳ ದಿನ ಅಳೆದು ಸುರಿದು ಒಂದು ಕ್ಯಾಮೆರಾ ತಂದ.

ತಾಯಿ ಇಳಕಲ್ ಸೀರೆ ಉಟ್ಟಳು. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ತಾನೇ ಕುಂಕುಮ ಇಟ್ಟುಕೊಂಡು ಪಡಸಾಲೆಯಲ್ಲಿ ಬಂದು ಕುಳಿತಳು. ಮಗ ಫೋಟೋ ತೆಗೆದ. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ ಕಣ್ಣಿನ ರೆಪ್ಪೆ ನೋಡಿದ. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣಲಿಲ್ಲ. ಅಳಿಸಿಬಿಟ್ಟ.

“ಹೆಂಗ ಬಂತು? ತೋರಸು,” ಎಂದಳು ತಾಯಿ.

“ಈ ಲೆನ್ಸು ಸರಿ ಇಲ್ಲವ್ವಾ. ಚಲೋ ಬಂದಾಗ ತೋರಸ್ತೀನಿ,” ಎಂದ ಮಗ.

ಬೇರೆ ಲೆನ್ಸು ತಂದ. ಅದು ಹಿನ್ನೆಲೆಯನ್ನು ಮಸುಕು ಮಾಡಿ ಮುಖವನ್ನು ಮಾತ್ರ ಎತ್ತಿ ತೋರಿಸುವ ಲೆನ್ಸು. ತಾಯಿ ಮತ್ತೆ ಸೀರೆ ಉಟ್ಟು ಕುಳಿತಳು. ಒಂದು ಕಣ್ಣು ಸ್ಪಷ್ಟವಾಗಿ ಬಂತು, ಇನ್ನೊಂದು ಮಸುಕಾಯಿತು. ಅದನ್ನೂ ಅಳಿಸಿದ. ಇನ್ನೂ ಉದ್ದದ ಲೆನ್ಸು ತಂದ. ಪಡಸಾಲೆ ಚಿಕ್ಕದು, ಹಿಂದೆ ಸರಿದು, ಹೊಸ್ತಿಲು ದಾಟಿ, ಬೀದಿಗೆ ಇಳಿದರೂ ತಾಯಿಯ ತಲೆ ಚೌಕಟ್ಟಿನೊಳಗೆ ಹಿಡಿಸಲಿಲ್ಲ. ಹಿತ್ತಲಿನಲ್ಲಿ ಕೂರಿಸಿದರೆ ಬಿಸಿಲು ಮುಖಕ್ಕೆ ಹೊಡೆಯಿತು. ನೆರಳಿಗೆ ತಂದರೆ ಚರ್ಮದ ಬಣ್ಣ ಹೊಂದಲಿಲ್ಲ. ಹೀಗೆ ಒಂದೊಂದು ಲೆನ್ಸಿಗೂ ಒಂದೊಂದು ಹಬ್ಬ ಕಳೆಯಿತು. ಅವನಿಗೆ ಇದರಲ್ಲಿ ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಬೇಕು? ಯಾವ ಗಾಜು ಎಂಥದ್ದು ಎಂದು ಈಗ ಅವನು ಮೆಣಸಿನಕಾಯಿಯಷ್ಟೇ ಚೆನ್ನಾಗಿ ಹೇಳಬಲ್ಲವನಾಗಿದ್ದ. ಸುತ್ತಲಿನ ಊರುಗಳಿಂದ ಜನ ಸಲಹೆ ಕೇಳಲು ಬರುತ್ತಿದ್ದರು.

ತಾಯಿ ಕರೆದಾಗಲೆಲ್ಲ ಬಂದು ಕೂರುತ್ತಿದ್ದಳು. ಬೇಸರ ಮಾಡಿಕೊಳ್ಳಲಿಲ್ಲ. ಬರಬರುತ್ತಾ ಸೊಸೆ ಕೈಹಿಡಿದು ಕರೆತಂದು ಕೂರಿಸಬೇಕಾಯಿತು, ಕುಂಕುಮವನ್ನೂ ಸೊಸೆಯೇ ಇಡಬೇಕಾಯಿತು. ಮಗ ಕ್ಯಾಮೆರಾದ ಹಿಂದಿನಿಂದ, “ಲೆನ್ಸ್ ನೋಡವ್ವಾ, ಲೆನ್ಸ್ ನೋಡು,” ಎನ್ನುತ್ತಿದ್ದ. ತಾಯಿ ಅವನ ದನಿ ಬಂದ ಕಡೆಗೆ ಮುಖ ತಿರುಗಿಸುತ್ತಿದ್ದಳು. ಅವ್ವನಿಗೆ ಇನ್ನೂ ಫೋಟೋಕ್ಕೆ ಕೂರುವ ಅಭ್ಯಾಸವಾಗಿಲ್ಲ ಎಂದು ಅವನು ತಿಳಿದುಕೊಂಡ. ಗದ್ದವನ್ನು ಹೀಗೆ ತಿರುಗಿಸು, ಹಾಗೆ ಎತ್ತು ಎಂದು ಹೇಳಿಕೊಟ್ಟ.

ಕೊನೆಗೊಂದು ದಿನ ಎಲ್ಲವೂ ಕೂಡಿಬಂತು. ಬೆಳಕು ಸರಿ ಇತ್ತು, ದೂರ ಸರಿ ಇತ್ತು, ಹೊಸ ಲೆನ್ಸು ಬಂದಿತ್ತು. ಪರದೆಯಲ್ಲಿ ಎಷ್ಟು ದೊಡ್ಡದು ಮಾಡಿದರೂ ರೆಪ್ಪೆಯ ಕೂದಲು ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಅವನು ಖುಷಿಯಿಂದ ಕುಣಿಯುವುದೊಂದು ಬಾಕಿ. ಹುಬ್ಬಳ್ಳಿಗೆ ಹೋಗಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಗಾಜಿನ ಕಟ್ಟು ಹಾಕಿಸಿ, ತಂದು ತಾಯಿಯ ಮಡಿಲಲ್ಲಿ ಇಟ್ಟ.

ತಾಯಿ ಅದನ್ನು ಎತ್ತಿಕೊಂಡು, ಸೊಸೆಯ ಕೈ ಹಿಡಿದು ಬಿಸಿಲಿಗೆ ಹೋಗಿ ಕುಳಿತಳು. ಮುಖದ ಹತ್ತಿರ ತಂದಳು. ದೂರ ಹಿಡಿದಳು. ಓರೆ ಮಾಡಿ ನೋಡಿದಳು. ಗಾಜಿನ ಮೇಲೆ ಅಂಗೈ ಆಡಿಸಿದಳು, ಅದು ಎಲ್ಲ ಕಡೆಯೂ ಒಂದೇ ನುಣುಪಾಗಿತ್ತು. ಆಮೇಲೆ ಮಗನಿರುವ ಕಡೆಗೆ ತಿರುಗಿದಳು.

“ನನಗ ಏನೂ ಕಾಣವಲ್ತಪಾ. ನೀನ ಹೇಳು, ಹೆಂಗ ಅದೀನಿ?”

ಆ ಕ್ಷಣದಲ್ಲಿ ಮಗನಿಗೆ ಎಲ್ಲ ಗೊತ್ತಾಯಿತು. ಆದರೂ ತಾಯಿ ಕೇಳುತ್ತಿದ್ದಾಳೆ, ಉತ್ತರ ಕೊಡಬೇಕು. “ಭಾಳ ಚಂದ ಬಂದೈತವ್ವಾ,” ಎಂದ. “ಎರಡೂ ಕಣ್ಣು ಕ್ಲಿಯರ್ ಅದಾವ. ಹಿಂದಿನ ಗ್ವಾಡಿ ಬೆಣ್ಣಿ ಕರಗಿದಂಗ ಕರಗೈತಿ.”

“ಗ್ವಾಡಿ ಹಾಳಾಗಿ ಹೋಗಲಿ,” ಎಂದಳು ತಾಯಿ, ನಗುತ್ತಲೇ. “ನನ್ನ ಮಾರಿ ಹೆಂಗೈತಿ, ಅದನ್ನ ಹೇಳು.”

ಮಗ ಫೋಟೋ ನೋಡಿದ. ಬಾಯಿ ತೆರೆದ.

ಮಾಸ್ತರರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕಸ್ತೂರಿಯ ಕಣ್ಣು ತುಂಬಿತ್ತು, ಅದು ನಿಜ. ಸೆರಗಿನಿಂದ ಒರೆಸಿಕೊಂಡಳು. ಆದರೂ ಮನಸ್ಸಿನಲ್ಲಿ ಬಂದದ್ದನ್ನು ಕೇಳದೆ ಇರಲು ಅವಳಿಂದ ಆಗಲಿಲ್ಲ.

“ಮಾಸ್ತರೇ, ಆ ಕೊನೆಯ ಫೋಟೋ ಅಷ್ಟು ಚೆನ್ನಾಗಿ ಬಂತಲ್ಲ, ಅದು ಯಾವ ಲೆನ್ಸು?”

ಮಾಸ್ತರರು ಹೇಳಿದರು: “ಮುಖ ಹೇಗಿದೆ ಎಂದು ಅವ್ವ ಕೇಳಿದ್ದಕ್ಕೆ ಮಗ ಕೊಟ್ಟ ಉತ್ತರವೂ ಅದೇ ತಂಗಿ, ಆ ಲೆನ್ಸಿನ ಹೆಸರು.”