ದೊರೆಯ ಮನಸ್ಸು ಸಾರಿಗೆ ಬಿದ್ದದ್ದು

ಒಂದಾನೊಂದು ಊರಿನಲ್ಲಿ, ಪೂರ್ತಿ ಊರೂ ಅಲ್ಲ, ಮುಕ್ಕಾಲೂರು ಅಂತ ಅದರ ಹೆಸರು, ನಂಜಭೂಪ ಅಂತ ಒಬ್ಬ ದೊರೆ ಇದ್ದ ಕಣ್ರಪ್ಪಾ. ಅವನ ಮನಸ್ಸಿಗೆ ಒಂದೇ ಕೆಲಸ. ಎಡಮೀಸೆ ಉದ್ದವೋ, ಬಲಮೀಸೆ ಉದ್ದವೋ? ಉಂಡರೂ ಅದೇ, ಮಿಂದರೂ ಅದೇ. ಕೇಳಿ ಕೇಳಿ ದೊರೆ ಸೊರಗಿ ಕಡ್ಡಿಯಾದ.

ಆಗ ಬಂದ ಸದ್ದಡಗಯ್ಯ ಅಂತ ಒಬ್ಬ ಗುರು. ಮೌನ ಕಲಿಸುವವನು. ಬಂದಾಗಿನಿಂದ ಬಾಯಿ ಮುಚ್ಚಿದವನಲ್ಲ.

"ಮಹಾಸ್ವಾಮಿ, ಕಲ್ಲುಬಾನಿ ತುಂಬ ಉಗುರುಬೆಚ್ಚಗಿನ ನೀರು. ನೀರಿನ ತುಂಬ ಉಪ್ಪು. ಅದರ ಮೇಲೆ ನೀವು. ನಿಮ್ಮ ಮೇಲೆ ಮುಚ್ಚಳ. ಕಣ್ಣಿಗೆ ಬೆಳಕಿಲ್ಲ, ಕಿವಿಗೆ ಸದ್ದಿಲ್ಲ, ಬೆನ್ನಿಗೆ ನೆಲವಿಲ್ಲ. ಮನಸ್ಸು ಇನ್ನೆಲ್ಲಿ ಕೂತು ಮಾತಾಡೀತು?"

ಊರಿನ ಉಪ್ಪನ್ನೆಲ್ಲ ಬಾನಿಗೆ ಸುರಿದರು. ಗಡಿಗೆಯ ತಳವನ್ನೂ ಕೆರೆದು ತಂದರು. ಊರು ಸಪ್ಪೆ ಸಾರು ಉಂಡಿತು. ದೊರೆ ತೇಲಿದ.

"ಸುಮ್ಮನಿರು" ಅಂದ ಕತ್ತಲಲ್ಲಿ.

"ಸುಮ್ಮನೇ ಇದ್ದೀನಿ" ಅಂತು ಮನಸ್ಸು. "ಸುಮ್ಮನಿದ್ದೀನಿ ಅಂತ ಹೇಳ್ತಾ ಇದ್ದೀನಿ, ಅಷ್ಟೇ. ಅಂದಹಾಗೆ, ಎಡಮೀಸೆ..."

ಆರು ದಿನ ಹೀಗೇ. ಏಳನೇ ದಿನ ಮನಸ್ಸಿಗೆ ನೀರು ಹಿಡಿಯಿತು. ಬೆಲ್ಲದ ಹಾಗೆ ಕರಗಿ ಬಾನಿಯೊಳಗೆ ಸೇರಿಹೋಯಿತು. ದೊರೆ ಎದ್ದು ಬಂದ. ಏನು ಕೇಳಿದರೂ ನಕ್ಕ. ಕೆರೆ ಒಡೆಯಿತು ಅಂದರೂ ನಕ್ಕ.

"ನೋಡಿದಿರಾ ಶಾಂತಿ!" ಅಂದ ಗುರು. ಬಾನಿಯ ನೀರು ಬತ್ತಿಸಿ, ಉಪ್ಪು ಕೆರೆದು, ದೊರೆಯ ಪ್ರಸಾದ ಅಂತ ಮನೆಮನೆಗೂ ಹಂಚಿದ. ನಾಲಿಗೆ ಸತ್ತಿದ್ದ ಜನ ಮುಗಿಬಿದ್ದು ಸಾರಿಗೆ ಹಾಕಿಕೊಂಡರು.

ಅಲ್ಲಿಂದ ಶುರುವಾಯಿತು. ಕುಂಬಾರ ತಿಗರಿ ಬಿಟ್ಟು ಮೀಸೆ ಅಳೆದ. ಉಪ್ಪು ನೆಕ್ಕಿದ ಎಮ್ಮೆ ಹಾಲು ಕೊಡದೆ ಬಾವಿಯಲ್ಲಿ ಮುಖ ನೋಡಿಕೊಂಡು ನಿಂತಿತು. ಒಲೆ ಹೊತ್ತಲಿಲ್ಲ. ಹಸುಗೂಸುಗಳು ಅತ್ತು ಅತ್ತು ದನಿ ಕಳಕೊಂಡವು.

ಊರಿಗೆಲ್ಲ ನೆಟ್ಟಗಿದ್ದವಳು ಪುಟ್ಟಗೌರಜ್ಜಿ ಒಬ್ಬಳೇ. ಕಾಲು ಬಾತಿದ್ದಕ್ಕೆ ಅವಳದು ಉಪ್ಪು ಬಿಟ್ಟ ಪಥ್ಯ. ಸೊಸೆ ಕನ್ನಡಿ ಹಿಡಿದು ಬಂದಳು.

"ಅತ್ತೆ, ಯಾವ ಕಡೆ ಉದ್ದ, ನೋಡಿ ಹೇಳಿ."

"ನಿನಗೆ ಮೀಸೆಯೇ ಇಲ್ಲವಲ್ಲೇ!"

"ಅದಕ್ಕೇ ಅತ್ತೆ ತಿಳೀತಾ ಇಲ್ಲ."

ಅಜ್ಜಿ ಕನ್ನಡಿ ಕಿತ್ತಿಟ್ಟಳು. ಆಮೇಲೆ ಯೋಚಿಸಿದಳು. ಒಳಗೆ ಹೋದ ಉಪ್ಪು ಹೊರಗೆ ಬರೋದು ಎಲ್ಲಿಂದ? ಬೆವರಲ್ಲಿ. ಬೀದಿಗೆ ಬಂದು ಕೂಗಿದಳು: "ಮೀಸೆ ಅಳೆಯೋ ಕೋಲು ಗುಡ್ಡದ ತುದೀಲಿದೆ ಕಣ್ರೋ!"

ನಡುಹಗಲ ಬಿಸಿಲಲ್ಲಿ ಊರಿಗೆ ಊರೇ ಗುಡ್ಡ ಹತ್ತಿತು, ಎಮ್ಮೆ ಸಮೇತ. ಕೋಲಿಲ್ಲದೆ ಇಳಿದು ಬಂದವರ ಬಟ್ಟೆ ಹಿಂಡಿ, ಎಮ್ಮೆಯ ಮೈಯನ್ನೂ ಒರೆಸಿ ಹಿಂಡಿ, ಅಜ್ಜಿ ಬೆವರು ಕಾಯಿಸಿ ಉಪ್ಪು ಮಾಡಿದಳು. ಜನ ತಲೆ ಕೊಡವಿಕೊಂಡು ಒಲೆ ಹೊತ್ತಿಸಲು ಓಡಿದರು. ಅಜ್ಜಿ ಅರಮನೆಗೆ ಹೋಗಿ, ಆ ಉಪ್ಪು ಹಾಕಿದ ಸಾರನ್ನು ದೊರೆಗೆ ತಾನೇ ಕಲಸಿ ಉಣ್ಣಿಸಿದಳು.

ಮೊದಲ ತುತ್ತಿಗೆ ದೊರೆ ನಗು ನಿಲ್ಲಿಸಿದ. ಎರಡನೆಯದಕ್ಕೆ ಮೀಸೆ ಮುಟ್ಟಿಕೊಂಡ. ಮೂರನೆಯದಕ್ಕೆ ಎದೆ ಬಡಕೊಂಡ. ಬೆವರಲ್ಲಿ ಬರೀ ಅವನ ಮನಸ್ಸಿರುತ್ತದೆಯೇ? ಬೆವರಿದವರದೂ ಇತ್ತು.

"ಅಯ್ಯೋ, ನನ್ನ ಎಮ್ಮೆ ಬತ್ತಿಹೋಯ್ತಲ್ಲ! ಸೊಸೆ ತವರಿಂದ ಬರಲಿಲ್ಲವಲ್ಲ! ಸೂರು ಸೋರ್ತಿದೆಯಲ್ಲಪ್ಪೋ!"

"ಮಹಾಸ್ವಾಮಿ, ಬಾನಿ ಸಿದ್ಧವಾಗಿದೆ" ಅಂದ ಗುರು.

"ಬಾನಿ ಹಾಳಾಗಲಿ! ಏಣಿ ತಗೋ!"

"ಯಾರ ಸೂರು ಸ್ವಾಮಿ?"

"ಯಾರದೋ ಯಾರಿಗೆ ಗೊತ್ತು? ಸೋರ್ತಿರೋದು ನನ್ನ ತಲೆಗೆ!"

ಯಾರ ಸೂರು ಅಂತ ತಿಳಿಯದ ಮೇಲೆ ಎಲ್ಲರ ಸೂರನ್ನೂ ಹತ್ತಲೇಬೇಕಲ್ಲ? ದೊರೆ ಮನೆಮನೆಯ ಹೆಂಚು ಸರಿಪಡಿಸುತ್ತ ಹೋದ. ಗುರು ಕೆಳಗೆ ಏಣಿ ಹಿಡಿದು ನಿಂತ. ಜಾರಿದರೆ ದೊರೆ ತನ್ನ ಮೇಲೇ ಬೀಳುತ್ತಾನೆ ಅನ್ನೋ ಭಯಕ್ಕೆ ಪಾಪ, ತುಟಿಪಿಟಕ್ಕೆನ್ನಲಿಲ್ಲ.

ನೀತಿ ಬೇಕೇ? ದೊರೆ ಧ್ಯಾನಕ್ಕೆ ಕೂತ ಅಂತ ಕೇಳಿದರೆ ಮೊದಲು ನಿಮ್ಮ ಉಪ್ಪಿನ ಗಡಿಗೆ ಬಚ್ಚಿಡಿ. ಕತೆ ಇಲ್ಲಿಗೆ ನಿಂತಿತು. ನಿಂತ ಕತೆಗೆ ಮಣೆ ಹಾಕೋದು ನಿಮ್ಮ ಪಾಡು.